ಗ್ರೇನ್ ಸಣ್ಣಗಿರ್ಬೇಕು, ಶಾರ್ಪ್ ಆಗೂ ಬರ್ಬೇಕು, ಯಾವ ಡೆವಲಪರ್ ತಗೊಳ್ಲಿ?

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಕಪ್ಪು-ಬಿಳುಪು ಫಿಲ್ಮ್ ರೋಲ್‌ನ ರೋಡಿನಾಲ್ ಅನ್ನೋ ಡೆವಲಪರ್ (ಫಿಲ್ಮಲ್ಲಿ ಚಿತ್ರ ಮೂಡಿಸೋ ದ್ರಾವಣ) 1+50ರಲ್ಲಿ, ಅಂದ್ರೆ ಒಂದು ಪಾಲಿಗೆ 50 ಪಾಲು ನೀರು ಬೆರೆಸಿ, ತೊಳೀತಿದ್ದೆ. ಮೊನ್ನೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನೋರನ್ನ ಎಚ್‌ಪಿ5 ಫಿಲ್ಮಲ್ಲಿ ತೆಗೆದೆ, ಸ್ಕ್ಯಾನ್ ಮಾಡಿದ್ರೆ ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಗ್ರೇನ್, ಅಂದ್ರೆ ಫಿಲ್ಮಿನ ಬೆಳ್ಳಿ ಕಣ. ಉಪಯೋಗಿಸಿದೋರು ದಯವಿಟ್ಟು ಹೇಳಿ.

*

ಸರ್, ರೋಡಿನಾಲ್ ಕೆಟ್ಟದ್ದಲ್ಲ, 1891ರಿಂದ ಇರೋ ಡೆವಲಪರ್ ಅದು. ಗ್ರೇನ್ ಕರಗಿಸೋಕೆ ಹೋಗಲ್ಲ, ಇದ್ದಿದ್ದನ್ನ ಇದ್ದ ಹಾಗೇ ಎತ್ತಿ ತೋರ್ಸತ್ತೆ, ಅಂಚು ಅಷ್ಟು ಚೂಪಾಗಿ ಬರೋದೂ ಅದಕ್ಕೇ. ನಾನು ಮಲ್ಲೇಶ್ವರದ ಮನೇಲಿ ಬಚ್ಚಲಲ್ಲೇ ತೊಳೆಯೋದು, ಏನೇನೋ ಟ್ರೈ ಮಾಡಿ ಕೊನೆಗೆ ನಿಂತಿದ್ದು ಡಿ-76 ಅನ್ನೋ ಡೆವಲಪರ್ ಮೇಲೆ, ಇಲ್ಫೋರ್ಡ್ ಐಡಿ-11 ಸಿಕ್ಕಿದ್ರೂ ಹೆಚ್ಚುಕಮ್ಮಿ ಅದೇ. ಇದರಲ್ಲಿ ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇರತ್ತೆ, ನೀರು ಬೆರೆಸದೆ ಸ್ಟಾಕನ್ನೇ ಹಾಕಿದ್ರೆ ಅದು ಬೆಳ್ಳಿ ಕಣಗಳ ಅಂಚನ್ನ ಒಂಚೂರು ಕರಗಿಸತ್ತೆ, ಗ್ರೇನ್ ನುಣ್ಣಗಾಗತ್ತೆ ಆದ್ರೆ ಚೂಪೂ ಸ್ವಲ್ಪ ಹೋಗತ್ತೆ. ಸಮಸಮ ನೀರು ಹಾಕಿ 1+1 ಮಾಡಿದ್ರೆ ಸಲ್ಫೈಟ್ ಅರ್ಧ ಆಯ್ತು, ಚೂಪು ವಾಪಸ್ ಬರತ್ತೆ, ಗ್ರೇನ್ ಸ್ವಲ್ಪ ಮಾತ್ರ ಜಾಸ್ತಿ. ನಿಮಗೆ ಬೇಕಿರೋದು ಇದೇ ಅಂತ ನನ್ನ ಅಭಿಪ್ರಾಯ.

ಬೆಂಗಳೂರಿಗೆ 1+1 ಒಗ್ಗೋಕೆ ಇನ್ನೊಂದು ಕಾರಣಾನೂ ಇದೆ. ಎಚ್‌ಪಿ5ಗೆ ಐಡಿ-11 ಸ್ಟಾಕಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ, 1+1ರಲ್ಲಿ 13. ಏಪ್ರಿಲಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕ್ ನೀರು 20ಕ್ಕೆ ಎಲ್ಲಿ ಬರತ್ತೆ ಹೇಳಿ, ಬಿಸಿ ಏರಿದಷ್ಟೂ ಟೈಮ್ ಕಮ್ಮಿ ಮಾಡ್ಬೇಕು, 5 ನಿಮಿಷಕ್ಕಿಂತ ಕೆಳಗಿಳಿದ್ರೆ ಫಿಲ್ಮ್ ಸಮವಾಗಿ ಡೆವಲಪ್ ಆಗಲ್ಲ. 1+1 ಆದ್ರೆ 24 ಡಿಗ್ರಿಯಲ್ಲೂ ಸುಮಾರು 9 ನಿಮಿಷ ಸಿಗತ್ತೆ. ನಾನೊಂದ್ಸಲ ಥರ್ಮಾಮೀಟರ್ ಇಡದೆ ಬೇಸಿಗೇಲೂ 20 ಡಿಗ್ರಿ ಟೈಮೇ ಹಿಡಿದು ತೊಳೆದೆ, ತಂಗಿ ಮದುವೆ ರೋಲ್ ಅದು, ನೆಗೆಟಿವ್ ಕಪ್ಪಗೆ ದಪ್ಪ ಆಗಿ ಧಾರೆ ಸೀರೆ ಡೀಟೇಲೆಲ್ಲ ಹೋಯ್ತು, ಗ್ರೇನೂ ಎದ್ದು ಬಂತು. ಇವತ್ತಿಗೂ ಸಂಕಟ ಆಗತ್ತೆ. ಅದಕ್ಕೇ ಹೇಳ್ತೀನಿ, ಡೆವಲಪರ್ ಬದಲಾಯಿಸೋ ಮುಂಚೆ ನೀವು ತೊಳೆದಾಗ ನೀರು ಎಷ್ಟು ಡಿಗ್ರಿ ಇತ್ತು ನೋಡ್ಕೊಳ್ಳಿ.

*

ಮೇಲೆ ಹೇಳಿದ್ದು ಸರಿ, ಆದ್ರೆ ನನಗೆ ಎಕ್ಸ್‌ಟಾಲ್ ಅನ್ನೋ ಡೆವಲಪರ್ ಇನ್ನೂ ಇಷ್ಟ, ಗ್ರೇನು ಶಾರ್ಪ್ ಎರಡರಲ್ಲೂ ಡಿ-76ಗಿಂತ ಒಂದು ಕೈ ಮೇಲೆ. ಒಂದೇ ಭಯ, ಹಾಳಾದ್ರೆ ಬಣ್ಣ ಬದಲಾಗಲ್ಲ, ಗೊತ್ತೇ ಆಗಲ್ಲ, ಖಾಲಿ ಫಿಲ್ಮ್ ಆಚೆ ಬರತ್ತೆ. ಪ್ರತಿ ಸಲ ಫಿಲ್ಮಿನ ತುದಿ ಒಂದಿಂಚು ಕತ್ತರಿಸಿ ಅದರಲ್ಲಿ ಹಾಕಿ ನೋಡಿ, ಕಪ್ಪಾದ್ರೆ ಮಾತ್ರ ರೋಲ್ ಇಳಿಸಿ.

*

ನಾನು ಮನೇಲೇ ಡಿ-23 ಅನ್ನೋ ಡೆವಲಪರ್ ಕಲಸ್ತೀನಿ ಅಣ್ಣ. ಲೀಟರಿಗೆ ಮೆಟಾಲ್ (ಚಿತ್ರ ಮೂಡಿಸೋ ಪುಡಿ) 7.5 ಗ್ರಾಂ, ಸಲ್ಫೈಟ್ 100 ಗ್ರಾಂ, ಇನ್ನೇನೂ ಇಲ್ಲ. ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್ ಪೂರ್ತಿ ಕರಗಿಸಿ, ಆಮೇಲೆ ಉಳಿದ ಸಲ್ಫೈಟ್, ಸಲ್ಫೈಟೆಲ್ಲ ಮೊದಲೇ ಸುರಿದ್ರೆ ಮೆಟಾಲ್ ಕರಗಲ್ಲ. ಗ್ಲೌಸ್ ಹಾಕ್ಕೊಳ್ಳಿ, ಮೆಟಾಲಿಗೆ ಕೆಲವರ ಕೈ ಕೆರೆತ ಬರತ್ತೆ. ಬೋರ್‌ವೆಲ್ ನೀರಾದ್ರೆ ಕೊನೇ ಸಲ ತೊಳೆಯೋಕೆ ಡಿಸ್ಟಿಲ್ಡ್ ವಾಟರ್ ತನ್ನಿ, ಇಲ್ದಿದ್ರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯತ್ತೆ.

*

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನೀರಿನ ಬಿಸಿ ನಾನು ಅಳೆದೇ ಇರ್ಲಿಲ್ಲ. ಥರ್ಮಾಮೀಟರೂ ಐಡಿ-11ಊ ತರ್ತೀನಿ, ಮುಂದಿನ ರೋಲ್ ಹಗಲು ಬೆಳಕಲ್ಲಿ ಲಾಲ್‌ಬಾಗಲ್ಲಿ ಎಫ್‌ಪಿ4 ಹಾಕಿ ತೆಗೀತೀನಿ, ಅದು ಐಎಸ್‌ಒ 125ರ (ಬೆಳಕಿಗೆ ಕಮ್ಮಿ ಚುರುಕಿನ) ಫಿಲ್ಮು, ಗ್ರೇನ್ ಮೊದಲೇ ಸಣ್ಣ. ತೊಳೆದು ಸ್ಕ್ಯಾನ್ ಇಲ್ಲೇ ಹಾಕ್ತೀನಿ.