ವಾಷಿಂಗ್ ಯೂನಿಟ್ ವಾಸನೆ: ಒಳಗೆ ನಿಲ್ಲುವ ನಮ್ಮ ಹುಡುಗರ ಮಾತು ಯಾರು ಆಡಬೇಕು?

2ನೇ ಅಡ್ಡರಸ್ತೆ, ಟೈಲರ್ ಅಕ್ಕ
ಎಲ್ಲರಿಗೂ ನಮಸ್ಕಾರ. ಜೀನ್ಸ್ ವಾಷಿಂಗ್ ಯೂನಿಟ್ ವಾಸನೆ ಬಗ್ಗೆ ಮೂರು ದಿನದಿಂದ ನಮ್ಮ ಓಣಿಯ ಈ ಗ್ರೂಪ್‌ನಲ್ಲಿ ಬರೆಯುತ್ತಿದ್ದೇವೆ. ಮೋರಿಗೆ ನೀಲಿ ನೀರು ಬರುತ್ತಿದೆ, ಕಣ್ಣು ಉರಿಯುತ್ತದೆ, ಎಲ್ಲ ನಿಜ. ಆದರೆ ನಾವು ಕಿಟಕಿ ಮುಚ್ಚಿಕೊಳ್ಳಬಹುದು. ಒಳಗೆ ಹತ್ತು ತಾಸು ನಿಲ್ಲುವವರು ನಮ್ಮ ಓಣಿಯ ಮಕ್ಕಳೇ ಅಲ್ವಾ?

ನನ್ನ ಮೈದುನ ಅಲ್ಲಿ ಜೀನ್ಸ್‌ಗೆ ಕೆಮಿಕಲ್ ಸ್ಪ್ರೇ ಹೊಡೆಯುತ್ತಾನೆ. ನಿನ್ನೆ ಊಟಕ್ಕೆ ಕೂತಾಗ ಅವನ ಕೈ ನೋಡಿದೆ. ಉಗುರು, ಬೆರಳ ಸಂದಿ ಎಲ್ಲ ಕಂದು. ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ. ಅದೇ ಕೈಯಲ್ಲಿ ರೊಟ್ಟಿ ಮುರಿದ. ಅವನ ಅಂಗಿಯನ್ನು ಇಷ್ಟು ದಿನ ನಾನು ಮಗಳ ಯೂನಿಫಾರ್ಮ್ ಜೊತೆಗೇ ನೆನೆಸುತ್ತಿದ್ದೆ. ರಾತ್ರಿ ನಿದ್ದೆ ಬರಲಿಲ್ಲ.

ಮೂಲೆ ಮನೆ
ಮುಚ್ಚಿಸೋಣ ಅಕ್ಕಾ. ಮಾಲಿನ್ಯ ಮಂಡಳಿಗೆ ಒಂದು ಅರ್ಜಿ ಕೊಟ್ಟರೆ ಆಯಿತು.

4ನೇ ಅಡ್ಡರಸ್ತೆ, ಸ್ಪ್ರೇ ಕೆಲಸ
ಅಣ್ಣಾ, ಮುಚ್ಚಿಸಬೇಡಿ. ನಮ್ಮ ಮನೆ ನಡೆಯುವುದೇ ಅದರಿಂದ. ನಮ್ಮದು ಪೀಸ್ ಲೆಕ್ಕ. ಒಂದೇ ಜೊತೆ ಗ್ಲೌಸ್, ಅದೂ ಹರಿದಿದೆ. ಬಳ್ಳಾರಿ ಬಿಸಿಲಿಗೆ ಅದರೊಳಗೆ ಬೆವರು ತುಂಬಿ ಕೈ ಜಾರುತ್ತದೆ, ಪೀಸ್ ಕಡಿಮೆ ಆಗುತ್ತದೆ. ಬಾಯಿಗೆ ಕರ್ಚೀಫ್ ಕಟ್ಟಿಕೊಳ್ಳುತ್ತೇವೆ. ಕ್ಯಾನ್ ಮೇಲೆ ಚೀಟಿ ಇರುವುದಿಲ್ಲ. ಬಿಳಿ ಕ್ಯಾನ್, ನೀಲಿ ಕ್ಯಾನ್ ಅಂತ ಕರೆಯುತ್ತೇವೆ, ಅಷ್ಟೇ. ಹೋದ ವಾರ ಬ್ಲೀಚ್ ಇದ್ದ ಟಬ್‌ಗೆ ಯಾರೋ ಇನ್ನೊಂದು ಕ್ಯಾನ್ ಸುರಿದರು. ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದೆವು.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು
ತಮ್ಮಾ, ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಶ್ವಾಸಕೋಶವನ್ನೇ ಸುಡುವ ಗಾಳಿ ಅದು. ಮಾಮೂಲಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಹತ್ತಿರ, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾದಾಗ ಕೆಳಗೆ ಕೂರಬೇಡಿ. ಹೊರಗೆ, ಎತ್ತರದ ಕಡೆಗೆ ಓಡಿ. ಕೈಗೆ ಹತ್ತುವ ಕಂದು ಬಣ್ಣ ಜೀನ್ಸ್ ಬಿಳಿಚಿಸಲು ಹೊಡೆಯುವ ಪೊಟ್ಯಾಸಿಯಂ ಪರ್ಮಾಂಗನೇಟ್‌ನದು. ಅದರ ತುಂತುರು ಕಣ್ಣಿಗೆ, ಗಂಟಲಿಗೆ ಕೆಟ್ಟದ್ದು. ಅದರಲ್ಲಿರುವ ಮ್ಯಾಂಗನೀಸ್ ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ನರಕ್ಕೂ ಪೆಟ್ಟು.

ಕರ್ಚೀಫ್ ಗ್ಯಾಸ್ ತಡೆಯುವುದಿಲ್ಲ. ಎನ್95 ಮಾಸ್ಕ್ ಕೂಡ ಧೂಳು, ತುಂತುರಿಗಷ್ಟೇ. ಗ್ಯಾಸ್‌ಗೆ ಕಾರ್ಟ್ರಿಜ್ (ಗ್ಯಾಸ್ ಹೀರುವ ಡಬ್ಬಿ) ಇರುವ ಮಾಸ್ಕ್ ಬೇಕು. ಆದರೆ ಮಾಸ್ಕ್ ಕೊನೆಯ ಮಾತು. ಮೊದಲು ಸ್ಪ್ರೇ ಜಾಗದಲ್ಲಿ ತುಂತುರನ್ನು ಮುಖದಿಂದ ದೂರ ಎಳೆಯುವ ಎಗ್ಸಾಸ್ಟ್ ಬೇಕು. ಅಲ್ಲಿ ಮರಳು ಹೊಡೆದು ಬಣ್ಣ ತೆಗೆಯುತ್ತಾರಾ? ಆ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಹುಡುಗರು ಸತ್ತ ಮೇಲೆ ಟರ್ಕಿ ದೇಶ 2009ರಲ್ಲಿ ಜೀನ್ಸ್‌ಗೆ ಮರಳು ಹೊಡೆಯುವುದನ್ನೇ ನಿಷೇಧಿಸಿತು.

4ನೇ ಅಡ್ಡರಸ್ತೆ, ಸ್ಪ್ರೇ ಕೆಲಸ
ಮರಳು ಇಲ್ಲ ಸರ್, ಕೈಯಲ್ಲೇ ಎಮರಿ ಪೇಪರ್ ಉಜ್ಜುತ್ತೇವೆ. ಎಗ್ಸಾಸ್ಟ್ ಇದೆ, ಆದರೆ ಕೆಟ್ಟು ಎಷ್ಟೋ ದಿನ ಆಯಿತು. ನಾನು ಕೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ.

1ನೇ ಅಡ್ಡರಸ್ತೆ, ಅಕೌಂಟ್ಸ್ ಮೇಡಂ
ಅದಕ್ಕೇ ಅರ್ಜಿಯಲ್ಲಿ ನಿಮ್ಮ ಹೆಸರು ಬೇಡ. ನಾವು ಮನೆಯವರು ಸಹಿ ಹಾಕುತ್ತೇವೆ. ನಮ್ಮ ಕೆಲಸ ಯಾರೂ ಕಿತ್ತುಕೊಳ್ಳುವುದಿಲ್ಲವಲ್ಲ. ಮೋರಿ ನೀರಿಗೆ ಮಾಲಿನ್ಯ ಮಂಡಳಿ. ಒಳಗಿನವರ ಸುರಕ್ಷತೆಗೆ ಕಾರ್ಖಾನೆ ಇಲಾಖೆ. ಎರಡು ಅರ್ಜಿ ಬರೆಯಬೇಕು. 1984ರ ಭೋಪಾಲ್ ಅನಿಲ ದುರಂತ ಆದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದ ಜಾಗದ ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟರು. ನಮ್ಮ ಹುಡುಗರಿಗೆ ಕ್ಯಾನ್ ಮೇಲೆ ಒಂದು ಚೀಟಿಯೂ ಸಿಕ್ಕಿಲ್ಲ ಅನ್ನುವುದು ನನಗೆ ಬಹಳ ಬೇಜಾರು.

ಇನ್ನೊಂದು, ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹಿಡಿಯುತ್ತಾರಾ ನೋಡಿ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿದ್ದು, ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳ ಇದ್ದರೆ ಹಿಡಿಯಬೇಕು. ಕಾರ್ಮಿಕರ ಪಾಲು ಶೇ. 0.75 ಮಾತ್ರ. ಆಸ್ಪತ್ರೆಗೆ ಹೋದಾಗ ಬರೀ ಕೆಮ್ಮು ಅನ್ನಬೇಡಿ. ಏನು ಕೆಲಸ, ಯಾವ ಕೆಮಿಕಲ್, ಎಷ್ಟು ವರ್ಷ ಎಂದು ಹೇಳಿ ಬರೆಸಿ.

ಮೂಲೆ ಮನೆ
ಮುಚ್ಚಿಸಬೇಕು ಅಂದಿದ್ದು ಅವಸರದ ಮಾತಾಯಿತು ತಮ್ಮಾ. ಮೊದಲ ಸಹಿ ನನ್ನದು. ಮಾಲೀಕರ ಹತ್ತಿರವೂ ನಾನೇ ಮಾತಾಡುತ್ತೇನೆ. ಎಗ್ಸಾಸ್ಟ್ ರಿಪೇರಿ, ಕ್ಯಾನ್ ಮೇಲೆ ಕನ್ನಡದಲ್ಲಿ ಹೆಸರು, ಗ್ಲೌಸ್, ಕನ್ನಡಕ, ಸರಿಯಾದ ಮಾಸ್ಕ್, ಕೈ ಮತ್ತು ಕಣ್ಣು ತೊಳೆಯಲು ನಲ್ಲಿ. ತಾಸಿಗೊಮ್ಮೆ ಗ್ಲೌಸ್ ಬಿಚ್ಚಿ ಕೂರುವಷ್ಟು ಬಿಡುವು ಕೊಟ್ಟು, ಆ ಹೊತ್ತಿನ ಪೀಸ್ ದುಡ್ಡು ಕತ್ತರಿಸಬಾರದು.

2ನೇ ಅಡ್ಡರಸ್ತೆ, ಟೈಲರ್ ಅಕ್ಕ
ರೆಕ್ಸಿನ್ ತಂದುಕೊಟ್ಟರೆ ಏಪ್ರನ್ ನಾನು ಹೊಲಿಯುತ್ತೇನೆ, ಕೂಲಿ ಬೇಡ. ರೆಕ್ಸಿನ್ ಖರ್ಚು ಮಾತ್ರ ಮಾಲೀಕರೇ ಕೊಡಬೇಕು. ಮನೆಯವರೆಲ್ಲ ಕೆಲಸದ ಬಟ್ಟೆ ಬೇರೆ ಬಕೆಟ್‌ನಲ್ಲಿ ಒಗೆಯಿರಿ.

ಭಾನುವಾರ ಸಂಜೆ 7ಕ್ಕೆ ಗುಡಿ ಕಟ್ಟೆ ಹತ್ತಿರ ಬನ್ನಿ. ಆ ಯೂನಿಟ್‌ಗೆ ಹೋಗುವ ಮಕ್ಕಳಿರುವ ಮನೆಯವರು ಖಂಡಿತ ಬರಬೇಕು. ಮೇಷ್ಟ್ರೇ, ಅರ್ಜಿ ನೀವು ಬರೆಯಿರಿ.

4ನೇ ಅಡ್ಡರಸ್ತೆ, ಸ್ಪ್ರೇ ಕೆಲಸ
ಭಾನುವಾರ ಅರ್ಧ ದಿನ ಶಿಫ್ಟ್ ಇದೆ ಅಕ್ಕಾ. ಕೈ ತೊಳೆದುಕೊಂಡು ನೇರ ಕಟ್ಟೆಗೇ ಬರುತ್ತೇನೆ. ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬರುತ್ತೇನೆ.