‘ವೆರ್‌ವುಲ್ಫ್’ನಲ್ಲಿರುವ ‘ವೆರ್’ ಯಾರು? – ಸಂದೇಶ ಗುಂಪೊಂದರ ಪ್ರಶ್ನೋತ್ತರ

ಶಾಲಾ ಶಿಕ್ಷಕಿ: ಮಗನ ಕಥೆಪುಸ್ತಕದಲ್ಲಿ ‘ವೆರ್‌ವುಲ್ಫ್’ ಎಂಬ ತೋಳಮಾನವ ಬರುತ್ತಾನೆ. ‘ವುಲ್ಫ್’ ಎಂದರೆ ತೋಳ. ಆದರೆ ‘ವೆರ್’ ನಮ್ಮ ಮನೆಯ ನಿಘಂಟಿನಲ್ಲಿ ಬಿಡಿಪದವಾಗಿ ಸಿಗಲಿಲ್ಲ. ಅದರ ಮೂಲ ಯಾವುದು?

ಭಾಷಾಶಾಸ್ತ್ರದ ಅಧ್ಯಾಪಕರು: ಆ ಪದ 13ನೆಯ ಶತಮಾನದ ಹೊತ್ತಿಗೇ ಬಳಕೆಯಿಂದ ಜಾರಿಹೋಯಿತು. ಹಳೆಯ ಇಂಗ್ಲಿಷಿನಲ್ಲಿ ‘ವೆರ್’ ಎಂದರೆ ಗಂಡಸು, ‘ವೀಫ್’ ಎಂದರೆ ಹೆಂಗಸು. ‘ಮನ್’ ಎಂಬುದು ನಮ್ಮ ‘ಮನುಷ್ಯ’ದಂತೆ ಇಬ್ಬರಿಗೂ ಸಲ್ಲುತ್ತಿತ್ತು. ‘ಮನ್’ ಕ್ರಮೇಣ ಗಂಡಸಿಗೇ ಮೀಸಲಾಗುತ್ತ ಬಂದಾಗ ‘ವೆರ್’ಗೆ ಕೆಲಸವಿಲ್ಲದಾಯಿತು, ಜೋಡುಪದಗಳಲ್ಲಷ್ಟೇ ಉಳಿಯಿತು. ಕೊಲೆಯಾದವನ ಬಂಧುಗಳಿಗೆ ತೆರಬೇಕಾದ ಹಣವೇ ‘ವೆರ್‌ಗಿಲ್ಡ್’. ಇಂಗ್ಲೆಂಡಿನ ಹಳೆಯ ವೆಸೆಕ್ಸ್ ರಾಜ್ಯದ ಕಾನೂನಿನಲ್ಲಿ ಸ್ವತಂತ್ರ ರೈತನ ಜೀವಕ್ಕೆ 200 ಶಿಲಿಂಗ್, ಮೇಲ್ವರ್ಗದವನ ಜೀವಕ್ಕೆ 1,200 ಶಿಲಿಂಗ್ ಗೊತ್ತಾಗಿತ್ತು. ನಾವು ದಿನವೂ ಬರೆಯುವ ‘ವರ್ಲ್ಡ್’ನ ಹಳೆಯ ರೂಪ ‘ವೆಒರೊಲ್ಡ್’ ಅನ್ನು ಬಿಡಿಸಿ ನೋಡಿ: ಮೊದಲ ತುಂಡು ‘ವೆರ್’, ಎರಡನೆಯದಕ್ಕೆ ವಯಸ್ಸು, ಕಾಲ ಎಂಬ ಅರ್ಥ. ‘ಮನುಷ್ಯರ ಕಾಲ’ ಎಂಬುದೇ ಬೆಳೆದು ‘ಲೋಕ’ವಾಯಿತು. ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಇದರ ದಾಯಾದಿಗಳು.

ಸದಸ್ಯರು: ‘ನ್ಯೂಸ್’ ನಾಲ್ಕು ದಿಕ್ಕುಗಳ ಮೊದಲಕ್ಷರಗಳಿಂದ ಆಯಿತೆಂಬ ಸಂದೇಶ ಬಂದಿದೆ. ನಿಜವೇ?

ಅಧ್ಯಾಪಕರು: ಅಲ್ಲ. ‘ನ್ಯೂ’ ಪದದ ಬಹುವಚನ ಅದು. ಈ ವಾರ ಮೂರನೆಯ ಸಲ ಹೇಳುತ್ತಿದ್ದೇನೆ.

ಇನ್ನೊಬ್ಬ ಸದಸ್ಯರು: ‘ವೀರ’ ನಮ್ಮ ಪದ, ಊರೂರಲ್ಲೂ ವೀರಗಲ್ಲುಗಳಿವೆ. ಹಾಗಾದರೆ ಇಂಗ್ಲಿಷಿನ ಮೂಲ ಕನ್ನಡವೇ. ಎಲ್ಲರಿಗೂ ಕಳುಹಿಸಿ.

ನಿವೃತ್ತ ಕನ್ನಡ ಪಂಡಿತರು: ‘ವೀರ’ ಸಂಸ್ಕೃತದಿಂದ ಬಂದ ತತ್ಸಮ. ಅಚ್ಚಗನ್ನಡದ ಪದ ಬೇಕಿದ್ದರೆ ‘ಗಂಡು’ ಇದೆ.

ಅದೇ ಸದಸ್ಯರು: ತಮಗೆ ಕನ್ನಡಾಭಿಮಾನವಿಲ್ಲ.

ಪಂಡಿತರು: ಮೂವತ್ತು ವರ್ಷ ಹಳಗನ್ನಡ ಕಲಿಸಿದವನಿಗೆ ಈ ಮಾತು ಹೇಳಬೇಡಿ.

ಹೊಸ ಸದಸ್ಯೆ: ‘ಬ್ರೈಡ್‌ಗ್ರೂಮ್’ನಲ್ಲಿರುವ ‘ಗ್ರೂಮ್’ ಕುದುರೆಲಾಯದವನೇ?

ಅಧ್ಯಾಪಕರು: ಇಂಗ್ಲಿಷಿನ ಮೂಲ ಕನ್ನಡವೆಂಬ ಆ ಸಂದೇಶವನ್ನು ದಯವಿಟ್ಟು ಹಂಚಬೇಡಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದವೆಂದು ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲೇ ಹೇಳಿದರು; ಇಂಗ್ಲಿಷೂ ಆ ಬಳಗದ್ದೇ, ಕನ್ನಡ ದ್ರಾವಿಡ ಬಳಗದ್ದು. ಎರಡು ಪದಗಳು ಕಿವಿಗೆ ಒಂದೇ ಎನಿಸಿದರೆ ಸಾಲದು, ಅವುಗಳ ಅತ್ಯಂತ ಹಳೆಯ ಬರೆಹದ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅದನ್ನು ಮಾಡದವರೊಡನೆ ನಾನು ವಾದಿಸುವುದಿಲ್ಲ.

ಶಿಕ್ಷಕಿ: ಹಾಗಾದರೆ ‘ವುಮನ್’ನಲ್ಲಿ ಆ ‘ವೀಫ್’ ಇದೆಯೇ?

ಅಧ್ಯಾಪಕರು: ಇದೆ. ‘ವೀಫ್‌ಮನ್’ ಸವೆದು ಹಾಗಾಯಿತು.

ಹೊಸ ಸದಸ್ಯೆ: ನನ್ನ ಪ್ರಶ್ನೆ ಮೇಲೆಯೇ ಉಳಿದಿದೆ.