ಸಣ್ಣ ರೈಸ್ ಮಿಲ್ಲಿಗೆ ಎಐ ಹಾಕ್ಸಿದ್ರ ಲಾಭ ಐತೇನ್ರಿ?

ಕಾರಟಗಿ_ಹುಡುಗ: ಗಂಗಾವತಿ ಹತ್ರ ನಮ್ಮಪ್ಪಾರ ಸಣ್ಣ ಮಿಲ್ ಐತ್ರಿ, ಸೋನಾ ಮಸೂರಿನೇ ಜಾಸ್ತಿ. ಮೊನ್ನೆ ಒಬ್ರು ಬಂದು ಎಲ್ಲಾ ಮಷೀನಿಗೂ ಸೆನ್ಸಾರ್, ಎಐ ಡ್ಯಾಶ್‌ಬೋರ್ಡ್ ಅಂತ ದೊಡ್ಡ ಕೊಟೇಶನ್ ಕೊಟ್ಟು ಹೋಗ್ಯಾರ. ಅಪ್ಪಾರು ಅಕ್ಕಿ ಕೈಯಾಗ ಹಿಡಿದ್ರ ನಂಗ ಗೊತ್ತಾಗ್ತೈತಿ ಅಂತಾರ, ಆದ್ರ ನುಚ್ಚು ಒಂದಿನ ಕಮ್ಮಿ ಒಂದಿನ ಜಾಸ್ತಿ, ಯಾಕಂತ ಯಾರೂ ಹೇಳಲ್ಲ. ಎಲ್ಲಿಂದ ಶುರು ಮಾಡ್ಲಿ?

ಸಿಂಧನೂರ_ಮಿಲ್ಲರ್: ಡ್ಯಾಶ್‌ಬೋರ್ಡ್ ಆಮ್ಯಾಲ ತಮ್ಮಾ, ಮೊದ್ಲು ತೇವಾಂಶ ಬರ್ಕೊ. ನೆಲ್ಲು 14 ಪರ್ಸೆಂಟ್ ಆಸುಪಾಸು ಇದ್ರ ಚಲೋ, ಭಾಳ ಒಣಗಿದ್ರೂ ನುಚ್ಚು, ಹಸಿ ಇದ್ರೂ ನುಚ್ಚು. ಒಂದೊಂದ್ ಲಾಟಿಗೂ ತೇವಾಂಶ, ಅಕ್ಕಿ, ನುಚ್ಚು, ತೌಡು ಎಷ್ಟು ಬಂತು, ಹೊಟ್ಟು ಬಿಡಿಸೋ ರಬ್ಬರ್ ರೋಲ್ ಯಾವಾಗ ಬದಲಿಸಿದ್ರಿ, ಇಷ್ಟು ಒಂದು ಸೀಸನ್ ಎಕ್ಸೆಲ್‌ನಾಗ ಹಾಕು. ಈ ಲೆಕ್ಕ ಇಲ್ದ ಎಐ ಏನ್ ಕಲಿತೈತಿ, ಮಣ್ಣಾ?

ವೈರಿಂಗ್_ಅಣ್ಣ: ಸಾರ್ಟೆಕ್ಸ್ (ಅಕ್ಕಿ ಆರಿಸೋ ಮಷೀನ್) ಇದ್ರ ಕ್ಯಾಮೆರಾ ಆಗ್ಲೇ ನಿಮ್ಮ ಮಿಲ್ಲಿನಾಗ ಐತ್ರಿ, ಕಪ್ಪು ಕಾಳು ನೋಡಿ ಗಾಳಿ ಹೊಡ್ದು ಹೊರಗ ಹಾಕ್ತೈತಲ್ಲ ಅದ. ರೊಕ್ಕ ಹಾಕೋದಿದ್ರ ದೊಡ್ಡ ಮೋಟಾರಿಗೆ ಕರೆಂಟ್ ಮೀಟರ್, ಬೇರಿಂಗಿಗೆ ವೈಬ್ರೇಶನ್ ಸೆನ್ಸಾರ್ ಹಾಕ್ರಿ, ಕೆಡೋಕಿಂತ ಮೊದ್ಲ ಅದುರೋದು ಜಾಸ್ತಿ ಆಗ್ತೈತಿ, ಸುಗ್ಗಿ ಟೈಮಿನಾಗ ಮಿಲ್ ನಿಲ್ಲೋದು ತಪ್ತೈತಿ. ಮತ್ತ ಡೇಟಾ ಯಾರ ಕೈಯಾಗ ಇರ್ತೈತಿ, ನೆಟ್ ಹೋದ್ರ ಮಷೀನ್ ನಡಿತೈತೋ ಇಲ್ಲೋ, ಕೊಟೇಶನ್ ಕೊಟ್ಟೋರ್ನ ಬರವಣಿಗಿನಾಗ ಕೇಳ್ರಿ.

ಕಾರಟಗಿ_ಹುಡುಗ: ಥ್ಯಾಂಕ್ಸ್ ರೀ. ಅಪ್ಪಾರು ತೇವಾಂಶ ನೋಡೋ ಮಾಯಿಶ್ಚರ್ ಮೀಟರ್‌ಗೆ ಹ್ಞೂ ಅಂದ್ರು, ಎಕ್ಸೆಲ್ ಮಾತ್ರ ನೀನ ತುಂಬು ಅಂದ್ರು 😅